ಎಡಕ್ಕೆ ತಿರುಗಿದ ಹೂವು

ಇಪ್ಪತ್ನಾಲ್ಕು ಹೂಗಳಲ್ಲಿ ನಾಲ್ಕು ಹೂ ಮಾತು ಕೇಳುತ್ತಿರಲಿಲ್ಲ. ದಾಕ್ಷಾಯಿಣಿ ಎಲ್ಲವನ್ನೂ ಪಡಸಾಲೆಯ ಚಾಪೆಯ ಮೇಲೆ ಸಾಲಾಗಿ ಹರವಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡಿದಳು. ಬಿಳಿ ನೂಲಿನ ಲೇಸ್ ಹೂಗಳು, ಒಂದೊಂದೂ ಅಂಗೈಯಗಲ. ನಡುವಿನಿಂದ ಎಂಟು ಎಸಳು ಸುಳಿಯ ಹಾಗೆ ಬಾಗಿಕೊಂಡು ಹೊರಗೆ ಬರುತ್ತವೆ. ಇಪ್ಪತ್ತರಲ್ಲಿ ಸುಳಿ ಬಲಕ್ಕೆ ತಿರುಗಿತ್ತು. ಈ ನಾಲ್ಕರಲ್ಲಿ ಮಾತ್ರ ಎಡಕ್ಕೆ.

ತಿರುವಿ ಹಾಕಿದಳು. ಸುಳಿ ಬಲಕ್ಕೇನೋ ಬಂತು, ಆದರೆ ಹೆಣಿಗೆಯ ಬೆನ್ನು ಮೇಲಾಗಿ ಗಂಟುಗಳೆಲ್ಲ ಕಂಡವು. ಬೇರೆಯವರಿಗಾದರೆ ನಡೆದೀತು, ದಾಕ್ಷಾಯಿಣಿಗೆ ನಡೆಯುವುದಿಲ್ಲ. ಮೂಡಲಗಿಯ ಆ ಓಣಿಯಲ್ಲಿ ಕ್ರೋಶಾ ಸೂಜಿ ಹಿಡಿದ ಹೆಣ್ಣುಮಕ್ಕಳೆಲ್ಲ ಅವಳ ಎದುರು ಕೂತು ಬೈಸಿಕೊಂಡು ಕಲಿತವರೇ. ಮನೆಯಲ್ಲಿ ಟಿವಿಗೆ ಲೇಸು, ಮಿಕ್ಸರಿಗೆ ಲೇಸು, ನೀರಿನ ಹೂಜಿಗೂ ಲೇಸು. "ನನಗೂ ಒಂದ್ ಹೆಣದ ಹೊಚ್ಚಿಬಿಡು, ಧೂಳರ ಕೂಡೂದಿಲ್ಲ" ಎಂದು ಗಂಡ ವೀರಪ್ಪ ಚೇಷ್ಟೆ ಮಾಡುತ್ತಿದ್ದ.

ದೀಪಾವಳಿಗೊಮ್ಮೆ ತಾಯಿ ಮಗಳು ಕೂಡಿ ತಲಬಾಗಿಲಿಗೆ ಹೊಸ ಲೇಸ್ ತೋರಣ ಹೆಣೆಯುವುದು ಮೊದಲಿನಿಂದ ಬಂದದ್ದು. ಮಗಳು ಪದ್ಮಶ್ರೀಯನ್ನು ಹೋದ ವರ್ಷ ಹುಕ್ಕೇರಿಗೆ ಕೊಟ್ಟ ಮೇಲೆ ಕೆಲಸ ಹಂಚಿಕೊಂಡರು, ಇವಳು ಹನ್ನೆರಡು ಹೂ, ಅವಳು ಹನ್ನೆರಡು. ಶ್ರಾವಣದಲ್ಲಿ ಮಗಳು ಕಳಿಸಿದ ಮೊದಲ ಎಂಟು ನೋಡಿ ದಾಕ್ಷಾಯಿಣಿಗೆ ಪಿತ್ತ ನೆತ್ತಿಗೇರಿತ್ತು. "ಇವು ಹೂವಲ್ಲ, ಅಂಗಿ ಗುಂಡಿ ಆಗ್ಯಾವ. ಕೈ ಯಾಕ ಇಷ್ಟ ಬಿಗಿ? ಎಂಟೂ ಬಿಚ್ಚಿ ಮತ್ತ ಹೆಣಿ" ಎಂದು ವಾಪಸು ಕಳಿಸಿದ್ದಳು. ನಿನ್ನೆ ವೀರಪ್ಪ ವ್ಯಾಪಾರಕ್ಕೆಂದು ಆ ಕಡೆ ಹೋದವನು ತಂದ ಚೀಲದಲ್ಲಿ ತಿದ್ದಿದ ಎಂಟು ಹೂವಿದ್ದವು, ನೋಡಿದರೆ ಕಣ್ಣು ತಂಪಾಗುವಂಥವು. ಅವುಗಳ ಜೊತೆ ಈ ಹೊಸ ನಾಲ್ಕು.

ಕೂಡಲೇ ಫೋನು ಹಚ್ಚಿದಳು.

"ಪದ್ದಿ, ಏನ್ ಮಾಡಿಟ್ಟೀಯವಾ ಇವನ್ನ? ತೆಲಿ ಎಲ್ಲಿ ಇಟ್ಟಿದ್ದಿ? ನಾಕೂ ಉಲ್ಟಾ ತಿರಗ್ಯಾವ!"

"ಸ್ಪೀಕರ್ ಹಾಕೇನಿ ಅವ್ವಾ" ಎಂದಳು ಪದ್ಮಶ್ರೀ. ಈಚೆಗೆ ಫೋನೆತ್ತಿದರೆ ಅವಳ ಮೊದಲ ಮಾತೇ ಅದು. ಹಿಂದೆ ಅತ್ತೆ ಚನ್ನವ್ವನ ಬಳೆ ಸದ್ದಾಯಿತು.

"ಹಾಕಿದ್ರ ಹಾಕು, ನಾ ಏನ್ ಗುಟ್ಟ ಹೇಳಾಕತ್ತೇನಿ? ಎಲ್ಲಾ ಬಿಚ್ಚಬೇಕಾಗತೈತಿ ನೋಡು."

"ಬಿಚ್ಚಬ್ಯಾಡ." ಮಗಳು ಇಷ್ಟು ಗಡುಸಾಗಿ ಯಾವತ್ತೂ ಮಾತಾಡಿದವಳಲ್ಲ. ಮರುಕ್ಷಣ ದನಿ ಇಳಿಯಿತು. "ಬಿಚ್ಚಬ್ಯಾಡ ಅವ್ವಾ. ನೀ ನೋಡಿದಿ, ಹೌದಿಲ್ಲೋ? ಅಷ್ಟ ಸಾಕು."

ಫೋನು ಕಟ್ಟಾಯಿತು. ಅಬ್ಬಾ ಇವಳ ಸೊಕ್ಕೇ ಎಂದುಕೊಂಡ ದಾಕ್ಷಾಯಿಣಿ, ಹಟಕ್ಕೆ ಬಿದ್ದವಳಂತೆ ಒಂದು ಹೂವಿನ ಕೊನೆಯ ಗಂಟು ಕತ್ತರಿಸಿ ನೂಲೆಳೆದಳು. ಬಿಚ್ಚುವ ಕೆಲಸವನ್ನು ಅವಳು ಕಣ್ಣು ಮುಚ್ಚಿಕೊಂಡು ಮಾಡಬಲ್ಲಳು. ಬಲಗೈ ಎಳೆದಂತೆ ಕುಣಿಕೆಗಳು ಪಟಪಟನೆ ಬಿಡುತ್ತ ಬರುತ್ತವೆ. ಇವತ್ತು ನೂಲು ಕೈಗೆ ಅಡ್ಡ ಬರುತ್ತಿತ್ತು. ಕುಣಿಕೆಗಳು ಆಚೆ ದಿಕ್ಕಿನಿಂದ ಬಿಚ್ಚಿಕೊಳ್ಳುತ್ತಿದ್ದವು. ಬೇಸತ್ತು ಹೂವನ್ನು ಬಲಗೈಗೆ ದಾಟಿಸಿ ಎಡಗೈಯಿಂದ ಎಳೆದಳು. ಸರಾಗವಾಗಿ ಬಂತು.

ಅವಳ ಕೈ ಅಲ್ಲೇ ನಿಂತಿತು.

ಹತ್ತು ವರ್ಷದ ಹಿಂದೆ ಆಮ್ರಪಾಲಿ ಎಂಬ ಎಡಚ ಹುಡುಗಿ ಇದೇ ಚಾಪೆಯ ಮೇಲೆ ಕಲಿತಿದ್ದಳು. ಈಗ ಘೋಡಗೇರಿಯಲ್ಲಿ ನರ್ಸಾಗಿದ್ದಾಳೆ. ಅವಳು ಎಷ್ಟು ಚೆನ್ನಾಗಿ ಹೆಣೆದರೂ ಹೂವಿನ ಸುಳಿ ಎಡಕ್ಕೇ ಹೋಗುತ್ತಿತ್ತು. "ಕಾಕೂ, ನಂದ್ಯಾಕ ಹಿಂಗ?" ಎಂದು ಅಳುಮೋರೆ ಮಾಡಿದರೆ, "ಎಡಗೈ ಹೂವು ಹಂಗ ಬರೂದವಾ, ತಪ್ಪಲ್ಲ ಅದು" ಎಂದು ದಾಕ್ಷಾಯಿಣಿ ಸಮಾಧಾನ ಮಾಡಿದ್ದಳು. ಆಗ ಬಾಜೂಕ್ಕೆ ಕೂತು ಆ ಮಾತನ್ನು ಕೇಳಿಸಿಕೊಂಡವಳು ಪದ್ಮಶ್ರೀ. ಅವಳು ಎಡಚಿಯಲ್ಲ.

ಉಳಿದ ಮೂರನ್ನು ಬೆಳಕಿಗೆ ಹಿಡಿದಳು. ಒಂದು ಕೂಸು ಹೆಣೆದಂತೆ ಸೊಟ್ಟಪಟ್ಟ, ಇನ್ನೊಂದು ಅದಕ್ಕಿಂತ ವಾಸಿ, ಮೂರನೆಯದು ಒಂದು ಮಟ್ಟಕ್ಕೆ ಬಂದಿತ್ತು. ಹೊಸದಾಗಿ ಕಲಿತ ಕೈ. ಒಂದೊಂದಕ್ಕೆ ನಾಲ್ಕು ದಿನವಾದರೂ ಹಿಡಿದಿರಬೇಕು.

ಸಂಜೆ ವೀರಪ್ಪ ಅಂಗಡಿಯಿಂದ ಬಂದು ಕಾಲು ತೊಳೆಯುವುದಕ್ಕೂ ಬಿಡದೆ ಕೇಳಿದಳು. "ನಿನ್ನಿ ಆ ಚೀಲಾ ನಿಮ್ಮ ಕೈಯಾಗ ಯಾರ್ ಕೊಟ್ರು?"

"ಬೀಗತಿ ಕೊಟ್ರು. ಯಾಕ?"

"ಪದ್ದಿ ಎಲ್ಲಿದ್ಲು?"

"ಅಡಗಿ ಮನಿ ಬಾಗಲದಾಗ. ಸೆರಗ ಹೊದಕೊಂಡ ನಿಂತಿದ್ಲು."

"ನಿಮ್ಮ ಕಾಲ ಮುಟ್ಟಿದ್ಲಿಲ್ಲೋ?"

ವೀರಪ್ಪ ತಂಬಿಗೆಯನ್ನು ಕೆಳಗಿಟ್ಟ. "ಮುಟ್ಟಿದ್ಲು. ಒಂದ ಕೈಲೆ ಮುಟ್ಟಿ ಎದ್ದಳು. ಗಡಿಬಿಡಿಯೊಳಗ ಅದಾಳ ಅಂತ ನಾನೂ ಏನ್ ಅನ್ನಲಿಲ್ಲ." ಹೇಳುತ್ತಿದ್ದಂತೆಯೇ ಅವನ ಮುಖ ಕಪ್ಪಿಟ್ಟಿತು.

ಅವನು ಆಗಲೇ ಗಾಡಿ ತೆಗೆಯಲು ಹೊರಟ. ದಾಕ್ಷಾಯಿಣಿ ಬಿಡಲಿಲ್ಲ. "ನೀವ್ ಹೋದ್ರ ಗಂಡಸರ ಜಗಳಾ ಆಗತೈತಿ. ಹುಡುಗಿ ಒಳಗ ಉಳಿತಾಳ, ನೀವ್ ಹೊರಗ. ನಾ ಹೋಗತೇನಿ. ಲೇಸ್ ಹೆಣಿಯೂ ಮುದಕಿಗೆ ಯಾರ್ ಹೆದರತಾರ? ನೀವು ಗೋಕಾಕ ಸ್ಟ್ಯಾಂಡಿನ್ಯಾಗ ನಿಂತಿರ್ರಿ, ಅಲ್ಲಿಂದ ದವಾಖಾನಿಗೆ ಹೋಗೂನು."

ಮರುದಿನ ಗೋಕಾಕದಲ್ಲಿ ಬಸ್ಸು ಬದಲಿಸಿ ಅವಳು ಹುಕ್ಕೇರಿ ಮುಟ್ಟಿದಾಗ ಹನ್ನೊಂದಾಗಿತ್ತು. ಗೇಟಿಗೆ ಒಳಗಿನಿಂದ ಕೀಲಿ ಹಾಕಿತ್ತು. ಹಾಡಹಗಲಲ್ಲಿ ಯಾರು ಕೀಲಿ ಹಾಕುತ್ತಾರೆ? ನಾಲ್ಕು ಸಲ ಕೂಗಿದ ಮೇಲೆ ಚನ್ನವ್ವ ಬಂದು ತೆಗೆದಳು.

"ಬರ್ರಿ, ಬರ್ರಿ. ಒಂದ್ ಫೋನ್ ಮಾಡಿ ಬರಬಾರದ? ನಿಮ್ಮ ಅಳ್ಯಾ ಲಕ್ಷ್ಮಣನೂ ಮನ್ಯಾಗಿಲ್ಲ."

ಪದ್ಮಶ್ರೀ ನೀರು ತಂದಳು. ಸೆರಗು ಬಲಭುಜವನ್ನೆಲ್ಲ ಮುಚ್ಚಿ ಮೊಣಕಾಲಿನವರೆಗೆ ಇಳಿದಿತ್ತು. ಲೋಟ ಎಡಗೈಯಲ್ಲಿತ್ತು. ಎಡಗೈಯಿಂದ ಯಾರಿಗೂ ಒಂದು ಎಲೆ ಅಡಿಕೆಯನ್ನೂ ಕೊಡಬಾರದು ಎಂದು ಬೆಳೆಸಿದ ಮಗಳು. ತಾಯಿಯ ಮುಖ ನೋಡಲಿಲ್ಲ.

"ಬಚ್ಚಲದಾಗ ಜಾರಿ ಬಿದ್ದಾಳ್ರಿ" ಎಂದಳು ಚನ್ನವ್ವ, ಕೇಳುವ ಮೊದಲೇ. "ಮೊನ್ನಿ ರವಿವಾರ. ಒಂದೀಟ ಉಳುಕೈತಿ ಅಷ್ಟ."

ರವಿವಾರ ಕಳೆದು ನಾಲ್ಕು ದಿನ. ನಾಲ್ಕು ದಿನಕ್ಕೆ ಎಡಗೈಯ ಒಂದು ಹೂವು, ಬಂದದ್ದು ನಾಲ್ಕು. ದಾಕ್ಷಾಯಿಣಿಗೆ ಚೀರಿ ಓಣಿಯನ್ನೆಲ್ಲ ಕೂಡಿಸಬೇಕೆನಿಸಿತು. ಆದರೆ ಗೇಟಿನ ಕೀಲಿಕೈ ಚನ್ನವ್ವನ ಸೊಂಟದಲ್ಲಿತ್ತು. ನೀರು ಕುಡಿದಳು. ಆಮೇಲೆ ಚೀಲದಿಂದ ಆ ಹೂಗಳನ್ನು ತೆಗೆದು ನೆಲಕ್ಕೆ ಬಡಿದಳು.

"ಉಳುಕಿದ್ರ ಉಳುಕಲಿ! ಬೀಗತಿ, ನೀವ ನೋಡ್ರಿ ಈಕಿ ಕೆಲಸಾ. ದೀಪಾವಳಿ ತೆಲಿ ಮ್ಯಾಲ ಬಂದೈತಿ, ಎಲ್ಲಾ ಕೆಡಸಿಟ್ಟಾಳ. ಓಣ್ಯಾಗ ನನ್ನ ಮಾರಿ ಉಳಿತೈತೇನು? ನಡಿ ಪದ್ದಿ, ನನ್ನ ಮುಂದ ಕುಂತ ತಿದ್ದು. ಎರಡ ದಿನಾ ಕರಕೊಂಡ ಹೋಗತೇನ್ರಿ."

ಚನ್ನವ್ವ ಹೂಗಳನ್ನು ನೋಡಿದಳು. ಅವಳಿಗೆ ಅವು ಬರೀ ಹೂವು. ತಾಯಿಯೇ ಮಗಳನ್ನು ಬೈಯುವುದನ್ನು ಕೇಳಿ ಅವಳ ಬಿಗಿದ ಮೋರೆ ತುಸು ಸಡಿಲಾಯಿತು. "ನಾನೂ ಅದ ಹೇಳತೇನ್ರಿ, ಕೆಲಸದಾಗ ಲಕ್ಷ್ಯ ಇಲ್ಲ ಈಕಿಗೆ. ಲಕ್ಷ್ಮಣನ್ನ ಒಂದ್ ಮಾತ ಕೇಳಿ..."

"ಕೇಳೂದೇನ್ರಿ, ನಾನ ಫೋನ್ ಮಾಡಿ ಹೇಳತೇನಿ. ಬಸ್ ತಪ್ಪತೈತಿ. ಏ, ಚಪ್ಪಲಿ ಹಾಕ್ಕೋ!"

ಗೇಟಿನ ಹತ್ತಿರ ಬರುವುದಕ್ಕೂ ಬೈಕು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅಳಿಯ ಲಕ್ಷ್ಮಣ ಬಂದವನೇ ಎಂಜಿನ್ ಬಂದ್ ಮಾಡಿ ಅತ್ತೆಯನ್ನು, ಹೆಂಡತಿಯನ್ನು, ಕೈಯಲ್ಲಿದ್ದ ಚೀಲವನ್ನು ನೋಡಿದ. ಮುಗುಳ್ನಕ್ಕ. ನೋಡಿದವರು ಎಂಥ ಒಳ್ಳೆಯ ಹುಡುಗ ಅನ್ನಬೇಕು, ಹಾಗೆ.

"ಎಂದ ಕಳಸ್ತೀರಿ?"

"ತೋರಣಾ ಮುಗದ ಕೂಡಲೆ ಕಳಸ್ತೇನ್ರಿ" ಎಂದು ದಾಕ್ಷಾಯಿಣಿಯೂ ನಕ್ಕಳು. ಅವಳ ಬೆನ್ನಿಗಂಟಿ ನಿಂತ ಮಗಳ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಲಕ್ಷ್ಮಣ ಬೈಕನ್ನು ಪಕ್ಕಕ್ಕೆ ಸರಿಸಿದ, ಒಬ್ಬರು ಹೋಗುವಷ್ಟು ಮಾತ್ರ.

ಬಸ್ಸು ಊರು ದಾಟಿತು. ಎರಡೂ ಕಡೆ ಕಬ್ಬು ಎತ್ತರಕ್ಕೆ ನಿಂತು ಕಿಟಕಿಗೆ ಬೇರೇನೂ ಕಾಣುತ್ತಿರಲಿಲ್ಲ. ದಾಕ್ಷಾಯಿಣಿ ಸೆರಗು ಸರಿಸಿ ಮಗಳ ಬಲಗೈಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬಾವು ಹಳೆಯದಾಗಿ ಚರ್ಮ ಹಳದಿ ತಿರುಗಿತ್ತು. ದವಾಖಾನೆ ಕಾಣದ ಕೈ.

"ಹೆಂಗಾತವಾ?"

"ಎಂಟೂ ಬಿಚ್ಚಿ ಹೆಣದೆ ಅವ್ವಾ, ನೀ ಹೇಳಿದಂಗ" ಎಂದಳು ಪದ್ಮಶ್ರೀ ಕಬ್ಬಿನತ್ತ ನೋಡುತ್ತ. "ಕಡೀ ಹೂವು ಮುಗಸೂ ದಿನಾ ರೊಟ್ಟಿ ತಡಾ ಆತು."

ಅಷ್ಟೇ ಹೇಳಿದಳು. ಆ ಎಂಟು ಹೂವನ್ನು ದಾಕ್ಷಾಯಿಣಿ ನಿನ್ನೆ ಬೆಳಿಗ್ಗೆ ಎದುರುಮನೆಯ ಸುಂದ್ರವ್ವನಿಗೆ ಕರೆದು ತೋರಿಸಿದ್ದಳು.

ಅವಳು ಚೀಲಕ್ಕೆ ಕೈ ಹಾಕಿದಳು. ನಿನ್ನೆ ಅರ್ಧ ಬಿಚ್ಚಿದ ಹೂವಿನ ನೂಲು ಸಿಕ್ಕುಸಿಕ್ಕಾಗಿತ್ತು. ಪದ್ಮಶ್ರೀ ಚಿಕ್ಕವಳಿದ್ದಾಗ ನೂಲು ಸುತ್ತುವ ಹೊತ್ತಿಗೆ ತಾನೇ ಓಡಿ ಬಂದು ತುದಿ ಹಿಡಿದು ಕೂರುತ್ತಿದ್ದಳು. ಅದೇ ರೂಢಿಯಲ್ಲಿ ದಾಕ್ಷಾಯಿಣಿ ನೂಲಿನ ತುದಿಯನ್ನು ಮಗಳ ಬಲಗೈಯ ಬೆರಳುಗಳ ನಡುವೆ ಇಟ್ಟಳು. ಬೆರಳು ಮಡಚಲಿಲ್ಲ. ನೂಲು ಮೆಲ್ಲನೆ ಜಾರಿ ಬಸ್ಸಿನ ನೆಲಕ್ಕೆ ಬಿತ್ತು.

ಲಕ್ಷ್ಮಣನ ಹೆಸರು ತೋರುತ್ತ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಪದ್ಮಶ್ರೀ ಬಗ್ಗಿ ಎಡಗೈಯಿಂದ ನೂಲಿನ ತುದಿ ಎತ್ತಿಕೊಂಡು, ತಾಯಿ ಸುತ್ತಲಿ ಎಂದು ಹಿಡಿದು ಕೂತಳು.