ರೈಟರ ಮಗಳು ಕಟ್ಟಿದ ಆನೆ ಸುದ್ದಿ ಕಂಪನಿ

ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ನಮ್ಮ ಕೆ. ಹೊಸಕೋಟೆ ಕಡೆಗೆ ಆನೆಗಳೂ ಬರುತ್ತವೆ. ತೋಟದಲ್ಲಿ ಆನೆಗೆ ಇಷ್ಟದ ಬೈನೆ ಮರ ಮುರಿದಿದ್ದರೆ, ಲದ್ದಿ ಬಿದ್ದಿದ್ದರೆ, ಕಂಡ ತೋಟದವನು ಏನು ಮಾಡುತ್ತಾನೆ? ಸುಮ್ಮನಿರುತ್ತಾನೆ. ಸುದ್ದಿ ಹಬ್ಬಿದರೆ ಮರುದಿನ ಆಳು ಬರುವುದಿಲ್ಲ, ಹಣ್ಣು ನೆಲಕ್ಕೆ ಉದುರುತ್ತದೆ. ನಾನೂ ಎಷ್ಟೋ ಸಲ ಹೀಗೆ ಸುಮ್ಮನಿದ್ದವನೇ.

2005ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಮನೆಯಾಕೆ ಮೀನಾಕ್ಷಮ್ಮ ಆಳುಗಳಿಗೆ ತಿಂಡಿ ಹೊತ್ತು ಹಳ್ಳದ ದಾರಿಯಲ್ಲಿ ಹೊರಟಳು. ತಿರುವಿನಲ್ಲಿ ಆನೆ ನಿಂತಿತ್ತು. ಅವಳು ಜೀವಂತ ತಿರುಗಿ ಬರಲಿಲ್ಲ. ಅದು ಬಂದಿರುವುದನ್ನು ಹಿಂದಿನ ಸಂಜೆಯೇ ಒಬ್ಬರು ಕಂಡಿದ್ದರು. ಹೇಳಲಿಲ್ಲ. ಆನೆಯ ಮೇಲೆ ನನಗೆ ಸಿಟ್ಟಿಲ್ಲ. ಗಣಪನಿಗೆ ಈಗಲೂ ದಿನಾ ಗರಿಕೆ ಇಟ್ಟು ಕೈಮುಗಿಯುತ್ತೇನೆ. ಮೀನಾಕ್ಷಮ್ಮ ಬರುವುದು ಆನೆಗೆ ಗೊತ್ತಿರಲಿಲ್ಲ. ಆನೆ ಇರುವುದು ಮನುಷ್ಯರಿಗೆ ಗೊತ್ತಿತ್ತು.

ಸುದ್ದಿ ಮುಟ್ಟದ ಈ ಕೊರತೆಯನ್ನು ಕಂಡುಹಿಡಿದವಳು ಸುಚಿತ್ರಾ. ಆನೇಮಹಲ್ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ ಮಗಳು. ತಂದೆ ದಿನಾ ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದನ್ನು ಕೇಳುತ್ತಲೇ ಬೆಳೆದವಳು. ಹಾಸನದಲ್ಲಿ ಬಿಬಿಎಂ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂಬಿಎ ಓದಿದಳು. ವ್ಯಾಪಾರ ಶುರು ಮಾಡುವ ಮುಂಚೆ ಗಿರಾಕಿ ಯಾರೆಂದು ತಿಳಿದುಕೊಳ್ಳಬೇಕು ಎಂದು ಅಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರಂತೆ. ಸುಚಿತ್ರಾ ತನ್ನ ಪ್ರಾಜೆಕ್ಟ್ ಪುಸ್ತಕದಲ್ಲಿ ಬರೆದ ಉತ್ತರ ಇದು: "ಬೆಳಿಗ್ಗೆ ಏಳು ಗಂಟೆಗೆ ತೋಟಕ್ಕೆ ನಡೆದು ಹೋಗುವವರು."

ಓದು ಮುಗಿಸಿ ಎರಡು ವರ್ಷ ಮೊಬೈಲ್ ಸಿಮ್ ಮಾರುವ ಕೆಲಸ ಮಾಡಿದಳು. ನಮ್ಮ ಜನ ಮಾತಾಡುವುದಕ್ಕಿಂತ ಮಿಸ್ಡ್ ಕಾಲ್ ಕೊಡುವುದೇ ಹೆಚ್ಚೆಂದು ಆಗ ಕಂಡುಕೊಂಡಳು. 2007ರಲ್ಲಿ ಕೆಲಸ ಬಿಟ್ಟು, ಕಂಪ್ಯೂಟರ್ ಬಲ್ಲ ಗೆಳೆಯ ಮಂಜುನಾಥನ ಜೊತೆ ಆನೇಮಹಲಿನ ಗ್ಯಾರೇಜೊಂದರ ಮೇಲೆ ಒಂದು ಕೋಣೆ ಹಿಡಿದಳು. ಸಾಲ ಕೇಳಲು ಹೋದಲ್ಲೆಲ್ಲ ಆನೆಗೆ ಸಾಲ ಕೊಡುವುದಿಲ್ಲವೆಂದು ನಕ್ಕು ಕಳಿಸಿದರು. ದೊಡ್ಡ ಎಸ್ಟೇಟುಗಳಿಂದ ವರ್ಷಕ್ಕಿಷ್ಟು ಚಂದಾ ತೆಗೆದುಕೊಂಡು, ಬಡವರಿಗೂ ಸಣ್ಣ ತೋಟದವರಿಗೂ ಪುಕ್ಕಟೆ ಸುದ್ದಿ ಕೊಡುವ ಲೆಕ್ಕಾಚಾರ ಅವಳದು.

ಮೊದಲ ವರ್ಷ ಕಂಪನಿ ಸೋತಿತು. ಅವಳು ಕಳಿಸಿದ್ದು ಇಂಗ್ಲಿಷ್ ಅಕ್ಷರದ ಮೆಸೇಜು. ಕೆಂಚಮ್ಮ ಅದನ್ನು ತೆರೆಯದೆ ಅಳಿಸಿಬಿಡುತ್ತಿದ್ದಳು. ಕೆಂಚಮ್ಮ ನಮ್ಮೂರಿನಲ್ಲಿ ಹಣ್ಣು ಬಿಡಿಸುವ ಐದು ಹೆಂಗಸರ ಗುಂಪಿನ ಮುಂದಾಳು. ಆ ಐದು ಹೆಂಗಸರಿಗೂ ಇದ್ದದ್ದು ಒಂದೇ ಫೋನು.

"ಅದೇನೋ ಕಂಪ್ನಿಯೋರು ಹಾಡು ಹಾಕ್ಸ್ಕೊಳ್ಳಿ ಅಂತಾರಲ್ಲ, ಅದು ಅನ್ಕೊಂಡೆ ಕಣವ್ವ," ಎಂದಳು ಕೆಂಚಮ್ಮ.

ಸುಚಿತ್ರಾಳಿಗೆ ಬೇಸರವಾಗಲಿಲ್ಲ. ಕೆಂಚಮ್ಮನನ್ನೇ ಕೋಣೆಗೆ ಕರೆದೊಯ್ದು ಕೂರಿಸಿ, ಸುತ್ತಲ ತೋಟಗಳ, ದಾರಿಗಳ ಹೆಸರನ್ನೆಲ್ಲ, ಎಚ್ಚರಿಕೆಯ ಮಾತುಗಳನ್ನೂ ಅವಳ ದನಿಯಲ್ಲೇ ಹೇಳಿಸಿ ಕಂಪ್ಯೂಟರಿಗೆ ತುಂಬಿಸಿದಳು. ಆನೆ ಕಂಡವರು ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಮಂಜುನಾಥ ತಿರುಗಿ ಫೋನು ಮಾಡಿ ಯಾವ ಜಾಗವೆಂದು ಕೇಳುತ್ತಾನೆ. ಕೂಡಲೇ ಸುತ್ತಲಿನ ಎಲ್ಲ ಫೋನುಗಳಿಗೂ ಕೆಂಚಮ್ಮನ ದನಿ ಹೋಗುತ್ತದೆ.

2008ರ ದೀಪಾವಳಿ ಕಳೆದ ಮೇಲೆ ಬಸವಣ್ಣನ ಗುಡಿಯ ಜಗುಲಿಯಲ್ಲಿ ನಮ್ಮೂರ ತೋಟದವರ, ಆಳುಗಳ ಸಭೆ ಕರೆದು ಇದನ್ನೆಲ್ಲ ವಿವರಿಸಿದಳು. ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ನನ್ನ ಪಕ್ಕದ ತೋಟದ ಗುಂಡಯ್ಯ.

"ಏನವ್ವ, ಎಂಬಿಎ ಓದ್ಬುಟ್ಟು ಆನೆ ಕಾಯಕ್ಕೆ ಬಂದ್ಯಾ? ನಿಮ್ಮಪ್ಪ ಕಷ್ಟಪಟ್ಟು ಓದ್ಸಿದ್ದು ಇದಕ್ಕಾ?"

"ಆನೆ ಕಾಯಲ್ಲ ಗುಂಡಯ್ಯಮಾವ. ಜನ ಕಾಯ್ತೀನಿ."

"ಆನೆ ಐತೆ ಅಂತ ನಾನೇ ಡಂಗುರ ಹೊಡ್ದ್ರೆ ನಾಳೆ ಒಂದು ಆಳು ಬರಲ್ಲ. ನಿನ್ ಕಂಪ್ಯೂಟ್ರು ಬಂದು ಹಣ್ಣು ಕುಯ್ತದಾ?"

"ಎಲ್ಲೈತೆ ಅಂತ ಗೊತ್ತಿಲ್ದಿದ್ರೆ ಎಲ್ಲಾ ತೋಟಕ್ಕೂ ಹೆದರ್ತಾರೆ ಮಾವ. ಕೆಳಗಿನ ತೋಟದಲ್ಲೈತೆ ಅಂತ ಗೊತ್ತಾದ್ರೆ ಮೇಲಿನ ತೋಟಕ್ಕೆ ಧೈರ್ಯವಾಗಿ ಬರ್ತಾರೆ. ಅವತ್ತೊಂದಿನ ಮೇಲ್ಗಡೆ ಕುಯ್ಸಿ."

"ಅಷ್ಟರಲ್ಲಿ ಕೆಳಗಿನ ಹಣ್ಣು ಉದ್ರೋಗ್ತದೆ."

ಕೆಂಚಮ್ಮ ಎಲೆಯಡಿಕೆ ಉಗುಳಿ ಬಂದು ಹೇಳಿದಳು: "ಹಣ್ಣು ಮುಂದಿನ್ವರ್ಸ ಬತ್ತದೆ ಕಣ್ರೀ ಗುಂಡಯ್ಯನೋರೆ. ನಾನು ಬತ್ತೀನಾ?"

ಜಗುಲಿ ನಕ್ಕಿತು. ಗುಂಡಯ್ಯ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಟವೆಲ್ ಕೊಡವಿಕೊಂಡು ಎದ್ದುಹೋದ. ಆದರೂ ಸುಚಿತ್ರಾ ಅವನ ನಂಬರನ್ನೂ ಬರೆದುಕೊಂಡಿದ್ದಳು.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಆರೂವರೆಗೆ ನಾನು ಪೂಜೆಗೆ ಕೂತಿದ್ದೆ. ಫೋನು ಬಡಿದುಕೊಂಡಿತು. ಕಿವಿಗಿಟ್ಟರೆ ಕೆಂಚಮ್ಮನ ದನಿ: "ಆನೆ ಬಂದೈತೆ. ಗುಂಡಯ್ಯನೋರ ಕೆಳಗಿನ ತೋಟ. ಹಳ್ಳದ ದಾರೀಲಿ ಹೋಗ್ಬೇಡ್ರಪ್ಪ, ಹೋಗ್ಬೇಡ್ರವ್ವ."

ಪಕ್ಕದ ಮನೆಯಲ್ಲೂ ಫೋನು ಬಡಿದುಕೊಳ್ಳುವುದು ಕೇಳಿಸಿತು. ಹೂವು ಕೈಯಲ್ಲೇ ಉಳಿಯಿತು. ಮೂರು ವರ್ಷದ ಹಿಂದೆ ಈ ದನಿ ಬಂದಿದ್ದರೆ ಎಂದು ಮನಸ್ಸು ಹಿಂದಕ್ಕೆ ಓಡಿತು. ಅದನ್ನು ಹಿಡಿದು ನಿಲ್ಲಿಸಿ, ಇವತ್ತಿನವರನ್ನು ಕಾಪಾಡಪ್ಪ ಎಂದು ಹೂವು ಏರಿಸಿದೆ.

ಕೆಂಚಮ್ಮನ ಗುಂಪು ಆಗಲೇ ಹಳ್ಳಕ್ಕಿಳಿಯುವ ದಿಣ್ಣೆಯ ಮೇಲಿತ್ತಂತೆ. "ನನ್ ದನೀನೇ ನಂಗೆ ಗದರ್ಕಂಡಂಗಾಯ್ತು ಕಣ್ರೀ, ಅಲ್ಲಿಂದ್ಲೇ ತಿರುಗ್ಬುಟ್ಟೋ," ಎಂದು ಆಮೇಲೆ ನಗುತ್ತಾ ಹೇಳಿದಳು. ಐದೂ ಜನ ಡಾಂಬರು ರಸ್ತೆಯಿಂದ ಸುತ್ತಿ ಬಂದು ಅವತ್ತು ಗುಂಡಯ್ಯನ ಮೇಲಿನ ತೋಟದಲ್ಲಿ ಹಣ್ಣು ಬಿಡಿಸಿದರು. ಕೆಳಗಿನ ತೋಟದಲ್ಲಿ ಒಂದಷ್ಟು ಹಣ್ಣು ಉದುರಿದ್ದು ನಿಜ.

ಮಿಸ್ಡ್ ಕಾಲ್ ಕೊಟ್ಟವನು ಗುಂಡಯ್ಯನೇ. ಹನ್ನೊಂದರ ಹೊತ್ತಿಗೆ ಬಂದು ನಮ್ಮ ಹೊಸ್ತಿಲಾಚೆ ನಿಂತ. ಒಳಗೆ ಬರಲಿಲ್ಲ.

"ಅವತ್ತೂ ನೋಡಿದ್ದೆ ಕಣೋ ಅಣ್ಣಯ್ಯ, ಮೀನಾಕ್ಷಮ್ಮ ಹೋಗೋ ಹಿಂದಿನ್ ಸಂಜೆ. ಲದ್ದಿ ಇನ್ನೂ ಬೆಚ್ಚಗಿತ್ತು. ಬೆಳಿಗ್ಗೆ ಆಳು ಬರ್ಲಿ ಅಂತ ಬಾಯ್ಮುಚ್ಕೊಂಡ್ಬುಟ್ಟೆ."

ನಾನು ಎದ್ದು ಹೊಸ್ತಿಲಿಗೆ ಬಂದೆ. ಆಮೇಲೆ ಹೇಳಿದೆ: "ನಾನಾಗಿದ್ರೂ ಅಷ್ಟೇ ಮಾಡ್ತಿದ್ದೆ ಮಾರಾಯ. ಇವತ್ತು ಹೇಳ್ದೆಯಲ್ಲ. ಒಳಗ್ ಬಾ, ಕಾಫಿ ಕುಡಿ."

ಅವನು ಕೂತು ಕುಡಿದ. 

ಸುಚಿತ್ರಾಳ ಕೋಣೆಯಲ್ಲಿ ಈಗ ಆರು ಜನ ಕೆಲಸ ಮಾಡುತ್ತಾರೆ. ಮಾರನಹಳ್ಳಿಯವರೆಗೂ ಫೋನು ಹೋಗುತ್ತದೆ. ಓದಿದ್ದನ್ನು ಹೀಗೆ ಊರಿಗೆ ತಂದ ಆ ಹೆಣ್ಣುಮಗಳನ್ನು ದೇವರು ಚೆನ್ನಾಗಿಟ್ಟಿರಲಿ. ಆದರೆ ಅವಳ ಕಂಪ್ಯೂಟರಿಗೆ ಕಣ್ಣಿಲ್ಲ. ಆನೆಯನ್ನು ಕಾಣುವವರು ನಾವು.

ಆದ್ದರಿಂದ ಈ ಹಾಳೆ ಓದಿದವರೇ, ಓದಿಸಿ ಕೇಳಿದವರೇ, ಇದರ ಹಿಂಬದಿಯಲ್ಲಿರುವ ನಂಬರನ್ನು ಇವತ್ತೇ ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಬೆಳಿಗ್ಗೆ ಮನೆ ಬಿಡುವ ಮುಂಚೆ ಕೆಂಚಮ್ಮನ ದನಿ ಬಂದಿದೆಯೇ ನೋಡಿ. ಆನೆ ಕಂಡರೆ, ಲದ್ದಿ ಕಂಡರೆ, ದೂರ ಸರಿದು ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ. ಖರ್ಚಿಲ್ಲ. ನಿಮ್ಮ ಮನೆಯಿಂದಲೂ ಒಬ್ಬರು ಆ ದಾರಿಯಲ್ಲಿ ತಿಂಡಿ ಹೊತ್ತು ಹೊರಟಿರಬಹುದು.