ಅಳಿಸಲು ಮರೆತ ಸಾಲು

ತಿಂಗಳ ಇಪ್ಪತ್ತೈದನೇ ತಾರೀಖು ಬಂತೆಂದರೆ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಗುಮಾಸ್ತೆಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುತ್ತಿರಲಿಲ್ಲ. ಮುಂದಿನ ತಿಂಗಳು ಯಾರು ಹಾಡುತ್ತಾರೆ, ಯಾರು ನುಡಿಸುತ್ತಾರೆ, ಯಾರಿಗೆ ಬಹುಮಾನ ಬಂತು, ಬರಲಿಲ್ಲವೆಂದು ಯಾರಿಗೆ ಹೊಟ್ಟೆ ಉರಿಯಿತು, ಇದರಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವಳು ಟೈಪು ಮಾಡುವ ಎರಡು ಪುಟದ ಪಟ್ಟಿಯಲ್ಲಿ ಬರಬೇಕು. ಅದಕ್ಕೇ ಅವಳಿಗೆ 'ಪಟ್ಟಿ ಮೇಡಂ' ಎಂದು ಹೆಸರು ಬಿದ್ದಿತ್ತು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಆ ವಿಭಾಗದಲ್ಲಿ ಒಂದು ಹಳೆಯ ಕಟ್ಟಳೆ. ಪಟ್ಟಿಯಲ್ಲಿ ಅಚ್ಚಾಗದ ಕಛೇರಿ ಕಛೇರಿಯೇ ಅಲ್ಲ. ಕೊನೆಯ ವರ್ಷದವರು ಎಷ್ಟೇ ಚೆನ್ನಾಗಿ ಹಾಡಲಿ, ಹತ್ತು ದಿನ ಮುಂಚೆ ಪಟ್ಟಿಯಲ್ಲಿ ಹೆಸರು ಬಂದಿರದಿದ್ದರೆ ಪದವಿಗೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಅವಳ ಮೇಜಿನ ಮುಂದೆ ಸಾಲು ನಿಂತು, "ಮೇಡಂ, ನನ್ನ ಹೆಸರು ಹಾಕಿದ್ರಾ?" ಎಂದು ಪ್ರಾಣ ತಿನ್ನುತ್ತಿದ್ದರು. "ಹಾಕಿದ್ದೀನಿ ಕಣಮ್ಮ, ನಿನ್ನ ಹೆಸರು ಬಿಟ್ಟು ನಾನು ಬದುಕೋದುಂಟಾ?" ಎಂದು ಅವಳು ಗದರುತ್ತಿದ್ದಳು. ಆ ಗದರಿಕೆಗೆ ಯಾರೂ ಹೆದರುತ್ತಿರಲಿಲ್ಲ.

ಒಂದು ಕಾಲದಲ್ಲಿ ಅವಳೂ ಅದೇ ಸಾಲಿನಲ್ಲಿ ನಿಂತವಳು. ಗಾಯನದ ಕೊನೆಯ ವರ್ಷ, ಹೆಸರೂ ಅಚ್ಚಾಗಿತ್ತು. ಕಛೇರಿಗೆ ಆರು ದಿನವಿದೆ ಅನ್ನುವಾಗ ಅಕ್ಕ ತೀರಿಕೊಂಡಳು. ಒಂದೂವರೆ ವರ್ಷದ ಕೂಸು ಇವಳ ಕೈಗೆ ಬಂತು. ಭಾವ ಎಂಬ ಮಹಾನುಭಾವ ತಿಂಗಳೊಳಗೆ ಪತ್ತೆಯಿಲ್ಲದಂತಾದ. ಹಾಡಿನ ಟೀಚರಿಗೆ ಎದುರು ನಿಂತು ಹೇಳುವ ಧೈರ್ಯ ಇವಳಿಗೆ ಬರಲಿಲ್ಲ. ಎರಡು ಸಾಲಿನ ಕಾಗದ ಬರೆದು ಅವರ ಮೇಜಿನ ಮೇಲಿಟ್ಟು ಹೊರಟುಹೋದಳು. ವರ್ಷ ಕಳೆದ ಮೇಲೆ ಅದೇ ವಿಭಾಗದಲ್ಲಿ ಗುಮಾಸ್ತೆಯ ಕೆಲಸ ಖಾಲಿಯಿದೆ ಎಂದು ತಿಳಿಯಿತು. ಮಗುವಿಗೆ ಹಾಲಾಗಬೇಕು, ಮನೆಗೆ ಬಾಡಿಗೆಯಾಗಬೇಕು. ಮಾನ ಮರ್ಯಾದೆಯನ್ನೆಲ್ಲ ಮಡಚಿಟ್ಟು ಅರ್ಜಿ ಹಾಕಿದಳು.

ಆಮೇಲೆ ಟೀಚರು ನಿವೃತ್ತರಾಗುವವರೆಗೆ, ಒಂಬತ್ತು ವರ್ಷ, ಇಬ್ಬರೂ ಒಂದೇ ಕಟ್ಟಡದಲ್ಲಿದ್ದರು. ಬೀಗದಕೈ, ಹಾಜರಿ ಪುಸ್ತಕ, ರಜೆಚೀಟಿ, ಇಷ್ಟೇ ಮಾತು. ಟೀಚರು ಒಂದು ದಿನವೂ "ಯಾಕೆ ಬಿಟ್ಟೆ" ಎಂದು ಕೇಳಲಿಲ್ಲ, "ಮತ್ತೆ ಹಾಡು" ಎಂದೂ ಅನ್ನಲಿಲ್ಲ. ತನ್ನನ್ನು ಮನಸ್ಸಿನಿಂದ ತೆಗೆದೇ ಹಾಕಿದ್ದಾರೆ ಎಂದು ಇವಳು ತೀರ್ಮಾನಿಸಿಕೊಂಡಳು. ಹಾಡು ಹೋದ ನೋವಿಗಿಂತ ಈ ನೋವು ದೊಡ್ಡದಾಗಿತ್ತು. ಅವರು ನಿವೃತ್ತರಾಗಿ ಹತ್ತು ವರ್ಷವಾದರೂ ಅಂಚೆಯಲ್ಲಿ ಕಳಿಸುವ ಪಟ್ಟಿಯ ಲಕೋಟೆಗಳ ಮೇಲೆ ಅವರ ವಿಳಾಸ ಬರೆಯುವಾಗ ಕೈ ಸ್ವಲ್ಪ ನಿಧಾನವಾಗುತ್ತಿತ್ತು.

ಇಂಥ ಪಟ್ಟಿ ಮೇಡಂಗೆ ಒಂದು ಗುಟ್ಟಿನ ಚಾಳಿಯಿತ್ತು. ಪಟ್ಟಿಯೆಲ್ಲ ಮುಗಿದ ಮೇಲೆ, ಕೊಳಲಿನವರ ಕಛೇರಿ, ಹೊಸದಾಗಿ ಬಂದ ಎರಡು ಚೆಲ್ಲೋ ವಾದ್ಯ, ಗ್ರಂಥಾಲಯಕ್ಕೆ ಪುಸ್ತಕ ಮರಳಿಸಿ ಎಂಬ ಎಂದಿನ ಗೋಳು, ಎಲ್ಲ ಕೂತ ಮೇಲೆ, ಖಾಲಿಯಿರುವ ಯಾವುದಾದರೂ ಗುರುವಾರ ಹುಡುಕುತ್ತಿದ್ದಳು. 'ಸಂಜೆ ನಾಲ್ಕು, ಚಿಕ್ಕ ಸಭಾಂಗಣ, ಗಾಯನ' ಎಂದು ಟೈಪು ಮಾಡಿ ಮುಂದೆ ತನ್ನ ಹೆಸರು ಹಾಕುತ್ತಿದ್ದಳು. ಒಂದು ನಿಮಿಷ ಅದನ್ನೇ ನೋಡುತ್ತಿದ್ದಳು. ಆಮೇಲೆ ಅಳಿಸಿ, ಕಡತ ಅಚ್ಚಿಗೆ ಕಳಿಸಿ, ಬಸ್ಸು ಹಿಡಿಯುತ್ತಿದ್ದಳು. ಇದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ.

ಈ ಸಲ ಆ ಒಂದು ನಿಮಿಷದಲ್ಲೇ ಫೋನು ಹೊಡೆದುಕೊಂಡಿತು. ಅತಿಥಿಯಾಗಿ ಬರಲಿರುವ ಪಿಟೀಲುವಾದಕರು. ತಮ್ಮ ಹೆಸರಿನ ಹಿಂದೆ ಹಾಕಬೇಕಾದ ಬಿರುದುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಅವುಗಳನ್ನು ಸೇರಿಸುವಷ್ಟರಲ್ಲಿ ಇವಳಿಗೆ ಬಸ್ಸಿನ ಹೊತ್ತು ಮೀರುತ್ತಿತ್ತು. ಗಡಿಬಿಡಿಯಲ್ಲಿ ಕಡತ ಕಳಿಸಿ ಓಡಿದಳು.

ಒಂದನೇ ತಾರೀಖು ಬೆಳಿಗ್ಗೆ ಕಾರಿಡಾರಿನ ಫಲಕದ ಮುಂದೆ ನಾಲ್ಕು ಜನ ನಿಂತಿದ್ದರು. "ಮೇಡಂ, ಹದಿನೆಂಟಕ್ಕೆ ನಿಮ್ಮದಾ? ಇಷ್ಟು ವರ್ಷ ಗುಮ್ಮನ ಹಾಗೆ ಕೂತಿದ್ರಲ್ಲ!" ಎಂದರು ತಬಲಾ ಮೇಷ್ಟ್ರು. ಅವಳು ಹೋಗಿ ನೋಡಿದಳು. ಕಪ್ಪು ಅಕ್ಷರದಲ್ಲಿ ತನ್ನದೇ ಹೆಸರು. ಭಯವಾಯಿತು. ಆದರೂ ಸುಳ್ಳು ಯಾಕೆ ಹೇಳಬೇಕು, ಆ ಭಯದ ಅಡಿಯಲ್ಲಿ ಸಂತೋಷವೂ ಇತ್ತು, ಹೇಳಿಕೊಳ್ಳಲಾಗದಷ್ಟು ಇತ್ತು.

ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಕೂಗಾಡಲಿಲ್ಲ. "ನೋಡಿ, ಹಾಡೋದಾದ್ರೆ ಹಾಡಿ, ಸಭಾಂಗಣ ಹೇಗೂ ಖಾಲಿ ಇದೆ. ಇಲ್ಲಾಂದ್ರೆ ತಿದ್ದುಪಡಿ ಕಳಿಸಿ. ನಾಳೆ ಹೇಳಿದ್ರೆ ಸಾಕು" ಎಂದರು.

ಮನೆಯಲ್ಲಿ ಅಕ್ಕನ ಮಗಳು ಪಟ್ಟಿ ಹಿಡಿದುಕೊಂಡೇ ಕಾಯುತ್ತಿದ್ದಳು. ಈಗ ಅವಳಿಗೆ ಇಪ್ಪತ್ತೊಂದು, ಆಸ್ಪತ್ರೆಯಲ್ಲಿ ನರ್ಸಿನ ತರಬೇತಿ. ಯಾರೋ ಗೆಳತಿ ಕಳಿಸಿದ್ದಳಂತೆ.

"ಚಿಕ್ಕಿ, ನೀನು ಹಾಡ್ತೀಯಾ? ಗೊಣಗೋದು ಬಿಟ್ರೆ ನಿನ್ನ ಬಾಯಲ್ಲಿ ಇನ್ನೇನೂ ಕೇಳೇ ಇಲ್ವಲ್ಲ!"

"ಅಚ್ಚಿನ ತಪ್ಪು. ಸುಮ್ನೆ ಊಟ ಮಾಡು."

ಹುಡುಗಿ ಸುಮ್ಮನಾಗಲಿಲ್ಲ. ತಟ್ಟೆ ಸರಿಸಿ ಚಿಕ್ಕಿಯ ಮುಖ ನೋಡಿದಳು. "ಮೊದಲು ಹಾಡ್ತಿದ್ದೆ ಅಲ್ವಾ? ನನ್ನ ದೆಸೆಯಿಂದಾನೇ ಬಿಟ್ಟಿದ್ದಾ?"

"ನೀನು ರಾತ್ರಿಯೆಲ್ಲ ಅಳ್ತಿದ್ದೆ. ಒಂದು ಮನೇಲಿ ಇಬ್ಬರು ಗಾಯಕಿಯರು ಯಾಕೆ ಅಂತ ನಾನು ಬಿಟ್ಟುಕೊಟ್ಟೆ," ಎಂದಳು ಇವಳು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹುಡುಗಿ ಎದ್ದು ಬಂದು ಅವಳ ಹೆಗಲಿಗೆ ಗಲ್ಲ ಊರಿ ಸ್ವಲ್ಪ ಹೊತ್ತು ನಿಂತಳು.

ಮರುದಿನ ಬೇಗ ಹೋಗಿ ವಾದ್ಯಗಳ ಕೋಣೆಯ ಬಾಗಿಲು ಹಾಕಿಕೊಂಡು ಹಾಡಿ ನೋಡಿದಳು. ಅಂದು ಕೊನೆಯ ವರ್ಷದ ಕಛೇರಿಯಲ್ಲಿ ಹಾಡಬೇಕಿದ್ದ ಹಾಡೇ. ಕೆಳಗಿನ ಸ್ವರಗಳು ಹೇಗೋ ಬಂದವು. ಮೇಲೇರುವ ಕಡೆ ಗಂಟಲು ಕೈಕೊಟ್ಟಿತು. ಇನ್ನೊಂದು ಸಲ, ಮತ್ತೊಂದು ಸಲ. ಮೂರನೇ ಸಲಕ್ಕೆ ಕೆಮ್ಮು ಬಂತು. ಹೊರಗೆ ಬಂದು ತಿದ್ದುಪಡಿ ಟೈಪು ಮಾಡಿದಳು: 'ಹದಿನೆಂಟರ ಗಾಯನ ಕಛೇರಿ ಇರುವುದಿಲ್ಲ. ಅಚ್ಚಿನ ದೋಷಕ್ಕೆ ವಿಷಾದಿಸುತ್ತೇವೆ.' ಎಲ್ಲ ಫಲಕಗಳಿಗೂ ತಾನೇ ಅಂಟಿಸಿದಳು, ಎಲ್ಲ ಲಕೋಟೆಗಳಿಗೂ ತಾನೇ ವಿಳಾಸ ಬರೆದಳು, ಟೀಚರದ್ದೂ ಸೇರಿ. ದೋಷವೇನೋ ತನ್ನದು, ಅಚ್ಚು ಏನು ಮಾಡಿತ್ತು ಪಾಪ. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು.

ಹದಿನೆಂಟು ಬಂತು. ಬೆಳಗಿನಿಂದ ಮೂರು ಸಲ ಗಡಿಯಾರ ನೋಡಿಕೊಂಡಳು. ಮೂರೂಮುಕ್ಕಾಲಿಗೆ, ಚಿಕ್ಕ ಸಭಾಂಗಣದ ಕಿಟಕಿ ಹಾಕಿದೆಯೋ ಇಲ್ಲವೋ ನೋಡಿಬರುತ್ತೇನೆ ಎಂದು ಯಾರೂ ಕೇಳದಿದ್ದರೂ ಹೇಳಿ ಎದ್ದಳು. ಖಾಲಿ ಸಭಾಂಗಣದಲ್ಲಿ ಒಂದು ಗಳಿಗೆ ನಿಂತು ಬಂದರೆ ಆಸೆ ತೀರೀತು ಅನ್ನಿಸಿತ್ತು.

ಸಭಾಂಗಣ ಖಾಲಿಯಿರಲಿಲ್ಲ. ಮೊದಲನೇ ಸಾಲಿನ ಮಧ್ಯದ ಕುರ್ಚಿಯಲ್ಲಿ ಟೀಚರು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ತೊಡೆಯ ಮೇಲೆ ಕೈಚೀಲ, ಪಕ್ಕದ ಕುರ್ಚಿಗೆ ಊರುಗೋಲು ಒರಗಿಸಿತ್ತು.

"ಮೇಡಂ, ತಿದ್ದುಪಡಿ ಬರಲಿಲ್ವಾ? ನಾನೇ ಕಳಿಸಿದ್ದೆ..." ಎಂದಳು ಬಾಗಿಲಿನಿಂದಲೇ.

"ಬಂತು. ಓದಿದೆ."

"ಮತ್ತೆ ಬಂದ್ರಲ್ಲ?"

"ಅದು ಬಂದಿದ್ದಕ್ಕೇ ಬಂದೆ. ಕಛೇರಿ ಇದ್ದಿದ್ರೆ ಕೇಳೋಕೆ ನಾಲ್ಕು ಜನ ಇರ್ತಿದ್ರು. ಇಲ್ಲ ಅಂದ ಮೇಲೆ ನಿನಗೆ ಯಾರಿದ್ದಾರೆ?"

ಅವಳು ಹತ್ತಿರ ಬಂದು ವೇದಿಕೆಯ ಮೆಟ್ಟಿಲ ಮೇಲೆ ಕೂತಳು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಕೊನೆಗೂ ಹೊರಗೆ ಬಂತು. "ಒಂಬತ್ತು ವರ್ಷ ಇಲ್ಲೇ ಇದ್ರಿ. ಒಂದು ಸಲನೂ ಹಾಡು ಅನ್ನಲಿಲ್ಲ ನೀವು."

ಟೀಚರು ಕೈಚೀಲದ ಹಿಡಿ ತಿರುಚುತ್ತ ಕೂತರು. ಅವರು ಎಂದೂ ಮಾತಿಗೆ ತಡಕಾಡಿದವರಲ್ಲ. "ನಾನು ಹಾಡು ಅಂದಿದ್ರೆ ನೀನು ನಾಚಿಕೆಯಿಂದ ಈ ಕೆಲಸಾನೂ ಬಿಟ್ಟು ಹೋಗ್ತಿದ್ದೆ. ಆ ಕೂಸಿನ ಗತಿ ಏನಾಗ್ತಿತ್ತು? ಅದಕ್ಕೆ ಬಾಯಿ ಮುಚ್ಚಿಕೊಂಡೆ. ಕೂಸು ದೊಡ್ಡದಾದ ಮೇಲಾದ್ರೂ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ತಿಂಗಳಾ ತಿಂಗಳಾ ನಿನ್ನ ಪಟ್ಟಿ ಬರುತ್ತಲ್ಲ, ನಾನು ಮೊದಲು ಹುಡುಕೋದೇ ನಿನ್ನ ಹೆಸರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ದನಿ ಹೋಗಿದೆ ಮೇಡಂ. ಮೇಲೆ ಹತ್ತೋದೇ ಇಲ್ಲ."

"ಹತ್ತದಿದ್ರೆ ಬೇಡ. ಅರ್ಧ ಸ್ವರ ಇಳಿಸಿ ಶುರುಮಾಡು. ನಿಂತು ಹಾಡು."

ಅವಳು ವೇದಿಕೆ ಹತ್ತಿದಳು. ಪಿಯಾನೋದ ಮುಚ್ಚಳ ತೆಗೆದು ಒಂದು ಕೀಲಿ ಒತ್ತಿ ಶ್ರುತಿ ಹಿಡಿದಳು. ಎದುರಿಗೆ ತೊಂಬತ್ತು ಕುರ್ಚಿಗಳು, ಕೂತವರು ಒಬ್ಬರೇ. ಹಾಡತೊಡಗಿದಳು. ಹಾಡಿನ ಮೊದಲ ಸಾಲಿನಲ್ಲಿ ದನಿ ನಡುಗಿತು. ಎರಡನೆಯದರಲ್ಲಿ ಸ್ವಲ್ಪ ನೆಲೆ ನಿಂತಿತು. ಮೇಲೇರುವ ಕಡೆ ಒಡೆಯಿತು, ಒಡೆದೇ ಮುಂದೆ ಹೋಯಿತು. ಕೊನೆಯ ಸಾಲಿನವರೆಗೂ ನಿಲ್ಲಿಸದೆ ಹಾಡಿ, ಕಣ್ಣು ಮುಚ್ಚಿಕೊಂಡೇ ನಿಂತಳು. ಪರವಾಗಿಲ್ಲ ಎಂಬ ಸಮಾಧಾನದ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಕೇಳುವುದಕ್ಕೇ ಅವಳಿಗೆ ಹೆದರಿಕೆ.

"ಮೂರನೇ ಸಾಲಲ್ಲಿ ಉಸಿರು ಬೇಗ ತಗೊಂಡೆ," ಎಂದರು ಟೀಚರು. "ಹಿಂದೇನೂ ಅಲ್ಲೇ ತಗೋತಿದ್ದೆ. ಎಷ್ಟು ಸಲ ಹೇಳಿದ್ದೆ ನಿಂಗೆ?"

ಅವಳ ಕಣ್ಣು ತುಂಬಿ ಟೀಚರ ಮುಖವೇ ಕಾಣದಾಯಿತು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ತಪ್ಪು ಹಾಡಿದೆ ಎಂದಿರಲಿಲ್ಲ.

"ನಾಳೆಯಿಂದ ನಿಮ್ಮನೆಗೆ ಬರಲಾ, ಮೇಡಂ?"

"ನಂಗೆ ಎಪ್ಪತ್ತೆರಡು. ನನ್ನ ಹತ್ರ ನಾಳೆ ಮಾತಾಡ್ಬೇಡ. ಈಗ ಮೊದಲಿಂದ ಹಾಡು."

ಅವಳು ಮೊದಲಿಂದ ಹಾಡಿದಳು.