ಮಹಡಿ ಮೇಲಿನ ತಕರಾರು

ಮಾಕಳಿಯ ಶ್ಯಾಮಣ್ಣನಿಗೆ ಈಗ ಮಹಡಿ ಮೇಲಿನ ರೂಮುಗಳಿಂದ ಒಂದು ಸದ್ದೂ ಕೇಳುವುದಿಲ್ಲ. ಬಾಡಿಗೆಗಿರುವ ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ಬರುತ್ತಾರೆ, ಸಿಕ್ಕಿಸಿಕೊಂಡೇ ಹೋಗುತ್ತಾರೆ. ಒಳ್ಳೆಯ ಹುಡುಗರೇ, ಇಲ್ಲವೆನ್ನುವುದಿಲ್ಲ. ಆದರೆ ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಕೂತಾಗ ಅವನಿಗೆ ಹಿಂದೊಮ್ಮೆ ಮೇಲಿನ ರೂಮಿನಲ್ಲಿದ್ದ ಮಕ್ತುಮನ ಗಂಟಲು ನೆನಪಾಗುತ್ತದೆ. ಎಂಥ ಗಂಟಲು ಅದು! ತುಮಕೂರು ರಸ್ತೆಯ ಲಾರಿ ಹಾರನ್ನುಗಳೂ ಅದರ ಮುಂದೆ ಸಪ್ಪೆ.

ಮಕ್ತುಮ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶ್ಯಾಮಣ್ಣ ರೂಮು ಕಟ್ಟಿಸಿ, ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದವರಿಗೆ ಬಾಡಿಗೆಗೆ ಕೊಡತೊಡಗಿದ್ದ ಹೊಸತು. ಗದಗಿನ ಕಡೆಯ ಮಕ್ತುಮ, ದಾವಲ ಎಂಬ ಇಬ್ಬರು ಮೇಲಿನ ಮೂಲೆ ರೂಮು ಹಿಡಿದರು. ಮದರಸಾದಲ್ಲಿ ಓದುತ್ತಿದ್ದವರು. ಕೊನೆಯ ವರ್ಷ ಬಾಕಿ ಇರುವಾಗಲೇ ಮನೆಯ ಕಷ್ಟಕ್ಕೆ ಓದು ಬಿಟ್ಟು ಬಂದು ಲೇತ್ ಮಷೀನಿನ ಮುಂದೆ ನಿಂತಿದ್ದರು. ಬಂದ ವಾರದಲ್ಲೇ ದೂರು ಶುರುವಾಯಿತು. ಸಂಜೆ ನಮಾಜು ಮುಗಿಸಿ ಬಂದರೆ ಸಾಕು, ಇಬ್ಬರೂ ಎದುರುಬದುರು ಕೂತು ಕಿರುಚಾಡುತ್ತಾರೆ, ಯಾವತ್ತೋ ಒಂದು ದಿನ ಹೊಡೆದಾಡಿಕೊಳ್ಳುತ್ತಾರೆ ಎಂದು ಪಕ್ಕದ ರೂಮಿನ ಶೇಖವ್ವ ಹೆದರಿಬಿಟ್ಟಿದ್ದಳು.

ಶ್ಯಾಮಣ್ಣ ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದ.

"ಏನ್ರಪ್ಪಾ, ದಿನಾ ಏನದು ಗಲಾಟೆ?"

"ಗಲಾಟಿ ಅಲ್ರೀ ಮಾಲಕರ," ಮಕ್ತುಮ ಎದ್ದು ನಿಂತು ವಿನಯದಿಂದ ಹೇಳಿದ, "ತಕರಾರು ಮಾಡಾಕ್ಹತ್ತೀವ್ರಿ."

"ಅದ್ನೇ ಕಣಯ್ಯಾ ನಾನೂ ಯೋಳ್ತಿರೋದು! ನನ್ ಮನೇಲಿ ತಕರಾರು ಗಿಕರಾರು ಬ್ಯಾಡ. ನಾಳೇನೇ ರೂಮ್ ಖಾಲಿ ಮಾಡಿ."

"ತಕರಾರು ಮಾಡ್ಲಿಲ್ಲಂದ್ರ ಎಲ್ಲಾ ಮರತು ಹೋಗತೈತ್ರಿ," ಎಂದು ದಾವಲ ಅಳುಮುಖ ಮಾಡಿದ.

ಜಗಳ ಮರೆತುಹೋಗುತ್ತದೆಂದು ಅಳುವವರನ್ನು ಶ್ಯಾಮಣ್ಣ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನು ಹೊಸ್ತಿಲ ಮೇಲೇ ಕುಕ್ಕರಿಸಿದ. ಆಮೇಲೆ ಮಕ್ತುಮ ಬಿಡಿಸಿ ಹೇಳಿದ. ಅರಬ್ಬಿಯಲ್ಲಿ ತಕರಾರು ಎಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಮದರಸಾದಲ್ಲಿ ಪಾಠ ಮುಗಿದ ಮೇಲೆ ಹುಡುಗರು ಜೊತೆ ಕೂರುತ್ತಾರೆ. ಒಬ್ಬ ಉಸ್ತಾದರಂತೆ ಪಾಠ ಒಪ್ಪಿಸಬೇಕು, ಇನ್ನೊಬ್ಬ ಅಡ್ಡ ಪ್ರಶ್ನೆ ಹಾಕಬೇಕು. ಹಾಗೆ ಮಾಡಿದರೇ ಪಾಠ ತಲೆಯಲ್ಲಿ ನಿಲ್ಲುವುದು. ಎಂದಾದರೊಂದು ದಿನ ವಾಪಸು ಹೋಗಿ ಓದು ಮುಗಿಸಬೇಕೆಂಬ ಆಸೆ ಇಬ್ಬರಿಗೂ ಇತ್ತು.

"ಯೋಳಿದ್ದನ್ನೇ ಯೋಳ್ತಿದ್ರೆ ಜಗಳ ಆಗ್ದೆ ಇನ್ನೇನಾಗ್ತದೆ? ನಮ್ ಜನ ಜಗಳಕ್ಕೆ ಸರ್ಯಾದ ಎಸ್ರೇ ಇಟ್ಟವ್ರೆ ಬಿಡು," ಎಂದು ಶ್ಯಾಮಣ್ಣ ನಕ್ಕ. ರೂಮು ಖಾಲಿ ಮಾಡಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ದಾವಲ ಮಾವನ ಅಂಗಡಿ ನೋಡಿಕೊಳ್ಳಲು ಪುಣೆಗೆ ಹೋದ. ಮಕ್ತುಮ ಕೆಲವು ದಿನ ಗೋಡೆಗೆ ಪಾಠ ಒಪ್ಪಿಸಿದ. ಗೋಡೆ ಅಡ್ಡ ಪ್ರಶ್ನೆ ಹಾಕುತ್ತದೆಯೇ? ದಿನದಿನಕ್ಕೆ ಅವನ ದನಿ ಇಳಿಯುತ್ತಾ ಬಂತು. ಶ್ಯಾಮಣ್ಣನಿಗೆ ಸಂಕಟವಾಯಿತು. ಒಂದು ಸಂಜೆ ತಾನೇ ಹೋಗಿ ಚಾಪೆಯ ಮೇಲೆ ಕೂತು, "ಯೋಳು, ನಾನ್ ಕೇಳ್ತೀನಿ," ಎಂದ.

ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದ್ದ ಮನುಷ್ಯ ಅವನು. ಆದರೆ ಹುಡುಗ ಹೇಳುವ ರೀತಿ ಅವನಿಗೂ ಅರ್ಥವಾಗುವ ಹಾಗಿತ್ತು. ಬಾಗ್ದಾದಿನಲ್ಲಿ ಗ್ರೀಕರ ಪುಸ್ತಕಗಳನ್ನು ಅರಬ್ಬಿಗೆ ಇಳಿಸಿದ್ದು, ಅಲ್ಲಿಂದ ವಾದ ಊರೂರಿಗೆ ಹಬ್ಬಿದ್ದು, ಎಲ್ಲವನ್ನೂ ಪಕ್ಕದ ಬೀದಿಯ ಸುದ್ದಿಯಂತೆ ಹೇಳುತ್ತಿದ್ದ. ಬುಖಾರಾದ ಕಡೆಯ ಒಬ್ಬ ಹಕೀಮರು ಕೇಳಿದ್ದರಂತೆ: ಒಬ್ಬ ಮನುಷ್ಯ ಗಾಳಿಯಲ್ಲಿ ತೇಲುತ್ತಿದ್ದಾನೆ, ಕಣ್ಣು ಕಾಣುವುದಿಲ್ಲ, ಕೈಕಾಲು ಯಾವುದಕ್ಕೂ ತಾಗುವುದಿಲ್ಲ. ತಾನಿದ್ದೇನೆ ಎಂದು ಅವನಿಗೆ ಗೊತ್ತಾಗುತ್ತದೋ ಇಲ್ಲವೋ?

"ಒಟ್ಟೆ ಅಸೀತದಾ ಅವನ್ಗೆ?" ಎಂದ ಶ್ಯಾಮಣ್ಣ. "ಅಸಿದ್ರೆ ಗೊತ್ತಾಗ್ದೆ ಏನ್ ಮಾಡ್ತಾನೆ?"

ಮಕ್ತುಮ ತೊಡೆ ತಟ್ಟಿಕೊಂಡು ಹಿಗ್ಗಿದ. ದಾವಲ ಒಂದು ದಿನವೂ ಇಂಥ ಪ್ರಶ್ನೆ ಹಾಕಿರಲಿಲ್ಲವಂತೆ.

ಶ್ಯಾಮಣ್ಣನಿಗೆ ಆ ಹೊಗಳಿಕೆ ನೆತ್ತಿಗೇರಿತು. ಹೊಲವಿದ್ದಾಗ ಯಾವಾಗ ಬಿತ್ತಬೇಕು, ಮಳೆ ಬಂದೀತೇ ಎಂದು ನಾಲ್ಕು ಜನ ಬಂದು ಕೇಳುತ್ತಿದ್ದರು. ಹೊಲದಲ್ಲಿ ಗೋಡೆ ಎದ್ದ ಮೇಲೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಈ ಹುಡುಗ ಕೇಳುತ್ತಿದ್ದ. ಸಂಜೆಯಾಗುವುದನ್ನೇ ಕಾದು ಕೂರುವಂತಾಯಿತು.

ಅವರಿಬ್ಬರೂ ಬಹಳ ದಿನ ಗುದ್ದಾಡಿದ್ದು ಬೆಂಕಿ ಮತ್ತು ಹತ್ತಿಯ ಮೇಲೆ. ಖುರಾಸಾನದ ಒಬ್ಬ ಗುರುಗಳು ಹೇಳಿದ್ದರು: ಬೆಂಕಿ ಹತ್ತಿಯನ್ನು ಸುಡುವುದಿಲ್ಲ, ಬೆಂಕಿ ತಾಗಿದ್ದನ್ನು, ಹತ್ತಿ ಸುಟ್ಟದ್ದನ್ನು ನಾವು ಒಟ್ಟಿಗೆ ನೋಡುತ್ತೇವೆ ಅಷ್ಟೆ, ಸುಡುವವನು ಮೇಲಿರುವವನು. ಚಹಾ ತಂದಿದ್ದ ಶ್ಯಾಮಣ್ಣನ ಹೆಂಡತಿ ಭದ್ರಮ್ಮ ಅಷ್ಟು ಕೇಳಿಸಿಕೊಂಡು, "ಅಂಗಾದ್ರೆ ಇವತ್ತು ಅನ್ನ ಸೀದಿದ್ದು ನನ್ ತಪ್ಪಲ್ಲ ಬಿಡಿ," ಎಂದು ಇಳಿದುಹೋದಳು. ಮಕ್ತುಮ ಬಿದ್ದು ಬಿದ್ದು ನಕ್ಕ. ಗುರುಗಳ ಆ ಮಾತಿಗೆ ಸುಮಾರು ನೂರು ವರ್ಷ ಕಳೆದ ಮೇಲೆ ಸ್ಪೇನಿನ ಒಬ್ಬ ಖಾಜಿ ಉತ್ತರ ಬರೆದನಂತೆ: ಇದರಿಂದ ಇದಾಯಿತು ಎನ್ನುವುದನ್ನೇ ಅಲ್ಲಗಳೆದರೆ ಬುದ್ಧಿಯನ್ನೇ ಅಲ್ಲಗಳೆದ ಹಾಗೆ. ಮಕ್ತುಮ ಖಾಜಿಯ ಪಕ್ಷ. ಶ್ಯಾಮಣ್ಣ ಬೇಕೆಂದೇ ಗುರುಗಳ ಪಕ್ಷ ಹಿಡಿಯುತ್ತಿದ್ದ. ಅಂಥ ಸುಖದ ಸಂಜೆಗಳು ಅವನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಮರುವರ್ಷ ರಂಜಾನ್ ಹತ್ತಿರವಾದಾಗ ಮದರಸಾದ ಉಸ್ತಾದರು ಹೇಳಿ ಕಳಿಸಿದರು. ಕೊನೆಯ ವರ್ಷಕ್ಕೆ ಜಾಗವಿದೆ, ಹಬ್ಬ ಮುಗಿಸಿ ಬಾ. ಈ ಸಲ ತಪ್ಪಿದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅದೇ ವಾರ ಕಾರ್ಖಾನೆಯಲ್ಲಿ ಅವನನ್ನು ಸೂಪರ್ವೈಸರ್ ಮಾಡುತ್ತೇವೆಂದರು. ಮಕ್ತುಮ ಕೆಳಗಿಳಿದು ಬಂದು ಜಗಲಿಯಲ್ಲಿ ಕೂತ.

"ನೀವು ಹೇಳಿದಂಗ ಮಾಡ್ತೀನ್ರಿ, ಶ್ಯಾಮಣ್ಣಾರ."

ಹೋಗಬೇಡ ಎಂದು ಬಾಯಿ ಬಿಟ್ಟು ಹೇಳಲು ಶ್ಯಾಮಣ್ಣನಿಗೆ ನಾಚಿಕೆಯಾಯಿತು. ಅದಕ್ಕೇ ವಾದ ಹೂಡಿದ.

"ಬೆಂಕಿ ಅತ್ತೀನ ಸುಡಾಕಿಲ್ಲ, ಸುಡೋನು ಮೇಲವ್ನೆ ಅಂತ ನೀನೇ ಪಾಠ ಯೋಳಿದ್ದೆ. ಅಂಗಾದ್ಮೇಲೆ ಮದರಸಾಗೆ ಓದ್ರೇನೇ ವಿದ್ಯೆ ಬತ್ತದೆ ಅನ್ನೋದು ಯಾವ ನ್ಯಾಯ? ಕೊಡೋನು ಇಲ್ಲೇ ಕೊಡ್ತಾನೆ. ಇಲ್ಲೇ ಇರು."

ಮಕ್ತುಮ ನೆಲ ನೋಡಿದ. "ಆತ್ರಿ. ಇರ್ತೀನಿ," ಎಂದ.

ಶ್ಯಾಮಣ್ಣ ಗೆದ್ದಿದ್ದ. ಅವನಿಗೆ ಆದ ಖುಷಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಊಟದ ತಟ್ಟೆಯ ಮುಂದೆಯೂ ವಾದ ಬಿಟ್ಟುಕೊಡದ ಹುಡುಗ ಇವನು. ಇಷ್ಟು ಸುಲಭದ ಮಾತಿಗೆ ಉತ್ತರ ಹೊಳೆಯದೆ ಸುಮ್ಮನಾದನೇ? ಹಿರಿಯರ ಮನಸ್ಸು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾನೆ. ನುಂಗಿಕೊಂಡ ಈ ಒಂದು ಮಾತು ಜೀವಮಾನವೆಲ್ಲ ಇವನ ಎದೆಯಲ್ಲಿ ಉಳಿದುಬಿಡುತ್ತದೆ ಎಂದು ಶ್ಯಾಮಣ್ಣನಿಗೆ ಭಯವಾಯಿತು.

"ಯಾಕ್ಲಾ ಸುಮ್ಕಾದೆ? ನನ್ ಮಾತ್ಗೆ ಉತ್ತರ ಐತಾ ಇಲ್ವಾ ನಿನ್ ತಾವ?"

"ಐತ್ರಿ."

"ಮತ್ತೆ ಯೋಳು. ನನ್ ಮುಖ ನೋಡ್ಬ್ಯಾಡ, ಯೋಳು."

ಮಕ್ತುಮ ತಲೆ ಎತ್ತಿದ. ಹೇಳು ಅಂದಿದ್ದನ್ನು ಕೇಳಿ, ನೋಡಬೇಡ ಅಂದಿದ್ದನ್ನು ಮಾತ್ರ ಕೇಳದೆ, ಮುಖವನ್ನೇ ನೋಡಿದ.

"ಇದರಿಂದ ಇದು ಆಗೂದಿಲ್ಲ ಅಂತೀರಲ್ಲಾ, ಶ್ಯಾಮಣ್ಣಾರ. ನಾ ಹೋಗೂ ಮಾತಿಗೂ ನಿಮ್ಮ ಕಣ್ಣಾಗ ನೀರು ಬರೂದಕ್ಕೂ ಏನೂ ಸಂಬಂಧ ಇಲ್ಲೇನ್ರಿ?"

ಶ್ಯಾಮಣ್ಣ ಟವಲಿನಿಂದ ಮುಖ ಒರೆಸಿಕೊಂಡ. "ಸೋತೆ ಕಣಪ್ಪಾ," ಎಂದ. "ಓಗು. ಓಗಿ ಓದ್ಕೋ."